ಪಕ್ಕದ ಮನೆಯ ಕಡ

ಗ್ರಿಮ್ಸ್‌ಬಿಯ ಲೈಬ್ರರಿ, ಮೇಲಿನ ಮಹಡಿ,
ಮಂಗಳವಾರ, ಗುರುವಾರ, ಸಂಜೆ ಆರೂವರೆ.
ಸಂಬಳವಿಲ್ಲದ ನನಗೆ ಅವರು ವಹಿಸಿದ್ದು
ಒಂದು ಬಿಳಿ ಹಲಗೆ, ಒಣಗಿದ ಮೂರು ಪೆನ್ನು,
ಎಷ್ಟು ಕುದಿದರೂ ತಾನಾಗಿ ಆರದ ಕೆಟಲ್ಲು,
ಲೆಕ್ಕವೆಂದರೆ ಬೆವರುವ ನಾಲ್ಕು ಜನ.

ಗದಗಿನಲ್ಲಿ ನಾನು ನೀಲಾಂಬಿಕೆ ಅಕ್ಕೋರು.
ಇಲ್ಲಿ ಬರೀ ನೀಲ್.
ಅದು ಗಂಡಸರ ಹೆಸರೆಂದು ತಿಳಿದದ್ದು ಫೆಬ್ರವರಿಯಲ್ಲಿ,
ಅಷ್ಟರಲ್ಲಿ ರೂಢಿಯಾಗಿತ್ತು.

ಗ್ವೆಂಡಾ ಮೂವತ್ತು ವರ್ಷ ಮೀನು ಸೀಳಿದವಳು.
ಮೊಮ್ಮಗಳು ಹೋಮ್‌ವರ್ಕ್ ತಂದರೆ
ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳಂತೆ.
ವಯಸ್ಸೆಷ್ಟು ಅಂದೆ. ಅರವತ್ಮೂರು ಅಂದಳು.
ನಮ್ಮ ಮಗ್ಗಿಯಲ್ಲೇ ಇದ್ದೀಯಲ್ಲ: ಏಳೊಂಬತ್ಲೆ ಅರವತ್ಮೂರು!
ಅವತ್ತಿನಿಂದ ಬಾಗಿಲಲ್ಲಿ ನಿಂತು
ನಮಸ್ಕಾರದ ಬದಲು ಅದನ್ನೇ ಕೂಗುವಳು:
"ಏಲೊಂಬಟ್ಲೆ!"

ಉತ್ತರ ಸಮುದ್ರದ ಉಬ್ಬರ ಇಳಿತವನ್ನು
ಬೆರಳು ಮಡಿಸದೆ ಹೇಳಬಲ್ಲ ಕ್ಲೈವ್‌ಗೆ
ನಾಲ್ಕರ ಮೇಲೆ ಮೂರು ಕೂತರೆ ತಲೆ ತಿರುಗುವುದು.
ನಮ್ಮಲ್ಲಿ ಕಾಲು ಅಂದರೆ ಕಾಲೂ ಹೌದು, ಅಂದೆ.
ಕುರ್ಚಿಯನ್ನು ತಲೆಕೆಳಗು ಮಾಡಿ ಮುಟ್ಟಿ ಎಣಿಸಿದೆವು,
ಕಾಲು, ಅರೆ, ಮುಕ್ಕಾಲು.
ಕೆಳಗಿನಿಂದ ಲೈಬ್ರರಿಯಾಕೆ ಓಡಿ ಬಂದಳು,
ಯಾರು ಬಿದ್ದರು ಎಂದು.

ರಾಸಾ ಮೊದಲ ತಿಂಗಳಲ್ಲೇ ಎಲ್ಲ ಕಲಿತು ಮುಗಿಸಿದ್ದಳು.
ಆದರೂ ಬರುತ್ತಿದ್ದಳು.
ಯಾಕೆಂದು ನಾನು ಕೇಳಲಿಲ್ಲ.

ಕಳೆಯುವ ಲೆಕ್ಕ ಮಾತ್ರ ನವೆಂಬರ್ ಪೂರ್ತಿ ನುಂಗಿತು.
ಎರಡರಲ್ಲಿ ಐದು ಹೋಗದು,
ಪಕ್ಕದ ಮನೆಯಿಂದ ಒಂದು ಕಡ ತಾ,
ಕೊಟ್ಟ ಮನೆಯಲ್ಲಿ ಒಂದು ಕಡಿಮೆ ಮಾಡು.
"ವಾಪಸು ಯಾವಾಗ ಕೊಡೋದು?"
ಕೇಳಿದವನು ಹೆಮಿನ್, ಕ್ಷೌರದಂಗಡಿಯವನು,
ತೋಳಿನ ತುಂಬ ಊರವರ ಕೂದಲು.
ವಾಪಸಿಲ್ಲ, ಅಂದೆ.
"ಹಾಗಾದರೆ ಅದು ಕಡ ಅಲ್ಲ, ಟೀಚರ್."
ಮೂವತ್ತೊಂದು ವರ್ಷ ಕಲಿಸಿದ್ದೆ,
ಒಂದು ಮಗುವೂ ಇದನ್ನು ಕೇಳಿರಲಿಲ್ಲ.

ಜೂನ್, ಕೊನೆಯ ಗುರುವಾರ.
ಒಂಬತ್ತಾದರೂ ಬೆಳಕು ಹೋಗಲೊಲ್ಲದು,
ಹೊತ್ತಾಯಿತು ಏಳೋಣ ಎನ್ನಲು ನೆಪವೇ ಇಲ್ಲ.
ಕೇಕನ್ನು ಯಾರೂ ಹೇಳದೆ ಐದು ಪಾಲು ಮಾಡಿದರು,
ಸಮ ಬಂದಿರಲಿಲ್ಲ, ದೊಡ್ಡದು ನನ್ನ ತಟ್ಟೆಗೆ ಬಿತ್ತು.
ಕ್ಲೈವ್ ಪೇಪರಿನಲ್ಲಿ ಸುತ್ತಿದ ಹ್ಯಾಡಕ್ ತಂದಿದ್ದ,
ತನ್ನ ತಮ್ಮನ ಗೂಡಿನಲ್ಲೇ ಹೊಗೆ ಹಾಕಿದ್ದು.
ನಾನು ತಿನ್ನುವುದಿಲ್ಲವೆಂದು ಅವನಿಗೆ ಗೊತ್ತು.
ಇದಕ್ಕಿಂತ ಒಳ್ಳೆಯದು ತನ್ನಲ್ಲಿಲ್ಲ, ಅಂದ.

ಆಮೇಲೆ ಗ್ವೆಂಡಾಳ ಕಾರ್ಡು.
ಹೂವಿನ ಚಿತ್ರದ ಒಳಗೆ, ಪೆನ್ಸಿಲಿನಲ್ಲಿ, ಯಾರ ಸಹಾಯವೂ ಇಲ್ಲದೆ,
ಮೂವತ್ತಾರು ವಾರ, ವಾರಕ್ಕೆರಡು, ಎಪ್ಪತ್ತೆರಡು ಪಾಠ.
ನೀನು ಜ್ವರದಲ್ಲಿ ಮಲಗಿದ ದಿನ ಐದು.
ಕಳೆದರೆ ಎಪ್ಪತ್ತೇಳು.

ಕಡ ತಂದಿದ್ದಳು ಸರಿಯಾಗಿಯೇ,
ಎರಡರ ಪಕ್ಕ ಪುಟ್ಟ ಒಂದು ನಿಂತಿತ್ತು.
ಕೊಟ್ಟ ಮನೆಯಲ್ಲಿ ಕಡಿಮೆ ಮಾಡುವುದನ್ನೇ ಮರೆತಿದ್ದಳು.
"ಸರೀನಾ?"
ನಾಲ್ವರೂ ನನ್ನನ್ನೇ ನೋಡಿದರು.
ರಾಸಾಳಿಗೆ ಗೊತ್ತಾಗಿತ್ತು, ತುಟಿ ಕಚ್ಚಿಕೊಂಡಿದ್ದಳು.
ಗದಗಿನಲ್ಲಾಗಿದ್ದರೆ ಕಿವಿ ಹಿಂಡುತ್ತಿದ್ದೆ.
"ಸರಿ," ಅಂದೆ.

ಮರುದಿನದ ರೈಲಿನಲ್ಲಿ
ತೊಡೆಯ ಮೇಲೆ ಹ್ಯಾಡಕ್ಕು, ಅದರ ಮೇಲೆ ಕಾರ್ಡು.
ಎದುರಿನವನು ಮೂಗು ಹಿಡಿದು ಬೇರೆ ಡಬ್ಬಿಗೆ ಹೋದ.
ಡಾಂಕಾಸ್ಟರ್ ಹತ್ತಿರ ಬಂದಾಗ ಪೆನ್ಸಿಲ್ ತೆಗೆದೆ.
ಏಳನ್ನು ಹೊಡೆದು ತಲೆಯ ಮೇಲೊಂದು ಆರು ಬರೆದರಾಯಿತು,
ಎರಡು ಗೀಟಿನ ಕೆಲಸ.
ಮೊನೆ ನೋಡಿದೆ. ಚೀಲದಲ್ಲಿಟ್ಟೆ.

ಹತ್ತು ಪಾಠ ಇನ್ನೂ ಬಾಕಿ ಇವೆ,
ಯಾವ ಮನೆಯಿಂದ ಬಂದವೋ, ಯಾರಿಗೂ ಕಡಿಮೆಯಾಗದೆ.
ಮೊದಲನೆಯದು ಬರುವ ಮಂಗಳವಾರ, ಆರೂವರೆಗೆ.
ಕೆಟಲ್ ಆರಿಸುವವರು ಯಾರೆಂದು
ಹೇಳಿ ಬರಲು ಮರೆತೆ.