ಚುಕ್ಕಿ ಪುಸ್ತಕ

ಭೋಸರಿ ಎಮ್‌ಐಡಿಸಿ, ಪತ್ರಾಸಿನ ಕೆಳಗ
ಹೊಟ್ಟಿ ಬಗದಿಟ್ಟ ಹಳೇ ಪ್ರೀಮಿಯರ್ ಗಾಡಿ.
ಮೂತಿಯೊಳಗ ಕುಂತದ ಜಪಾನಿ ಇಂಜಿನ್ನು,
ಇಪ್ಪತ್ತು ವಾಲ್ವು, ಮುಂಬಯಿ ಬಂದರದಾಗ ತೂಕಕ್ಕ ಕೊಂಡದ್ದು.
ಅದರ ಹಾರ್ನೆಸ್ಸು ಯಾರೋ ಕುಡಗೋಲಿಲೆ ಕೊಯ್ದಾರ;
ತಂತಿಯ ಮೋಟು ನಿಂತಾವ, ಜ್ವಾಳದ ಕೂಳಿಯಂಗ.

ಕೂಡಸೂದು ನನ್ನ ಕೆಲಸ.
ಹೊಸ ಇಸಿಯು, ಬೆಲ್ಲದ ಅಚ್ಚಿನಷ್ಟು ಡಬ್ಬಿ,
ಐವತ್ತಾರು ಪಿನ್ನು, ಒಂದೊಂದಕ್ಕೂ ಒಂದು ಮನಿ:
ಇಂಜೆಕ್ಟರಿಗೆ ಹೋಗೂದು, ಕಾಯಿಲಿಗೆ ಹೋಗೂದು,
ನೀರು ಎಷ್ಟು ಕಾದದ ಅಂತ ಕೇಳಿ ಬರೂದು.
ಬಣ್ಣ ಮಾತ್ರ ಕೇಳಬ್ಯಾಡ್ರಿ ನನಗ.
ಈ ತುದಿಗೊಂದು ಮುಳ್ಳು, ಆ ತುದಿಗೊಂದು ಮುಳ್ಳು,
ಮೀಟರು ಬೀಪ್ ಅಂದರ ಇದೇ ಅದು,
ಸುಮ್ಮನಿದ್ದರ ಬ್ಯಾರೆ.
ಇಪ್ಪತ್ತೆಂಟು ವರ್ಷ ಹಿಂಗ ನಡದದ.
“ನಮ್ಮ ರೇವಪ್ಪ ಕಿವೀಲೆ ತಂತಿ ಓದತಾನ”
ಅಂತಾನ ಹೋಷಂಗ್ ಶೇಟ್, ಗಿರಾಕಿಗೆ ಚಹಾ ಕೊಡತ.
ನಾ ನಗತೀನಿ.

ಸೊಲ್ಲಾಪುರದ ರೈಲ್ವೆ ದವಾಖಾನಿ. ನನಗ ಹತ್ತೊಂಬತ್ತು.
ಡಾಕ್ಟರು ಚುಕ್ಕಿ ಪುಸ್ತಕ ತಗದ:
“ಇದರಾಗ ಎಷ್ಟು ಬರದದ?”
ನನಗ ಕಂಡದ್ದು ರಾಶಿ.
ಇನ್ನೂ ತೂರದ ಜ್ವಾಳದ ರಾಶಿ, ಅಷ್ಟೇ.
ಮುಂದಿನ ಹುಡುಗ ಹೇಳಿದ್ದು ಕೇಳಿಸಿಕೊಂಡಿದ್ದೆ;
“ಎಪ್ಪತ್ನಾಕು” ಅಂದೆ.
ಅಂವ ಹಾಳಿ ತಿರುವಿದ.

ಕೆಂಪು, ಹಸರು, ಎರಡೂ ನನಗ ಹಳೇ ಗೋಣಿಚೀಲ ಅಂತ
ಅವತ್ತಿನಿಂದ ಯಾರಿಗೂ ಹೇಳಿಲ್ಲ.
ಹೆಂಡತಿ ಯಾವ ಸೀರಿ ಉಟ್ಟರೂ
“ಛಲೋ ಒಪ್ಪತದ” ಅಂದುಬಿಡತೀನಿ.

ಶನಿವಾರ ಸಂಜಿಗೆ ಚಾವಿ ತಿರುವಿದಿವಿ.
ಸ್ಟಾರ್ಟರು ತಿರುಗಿತು, ಇಂಜಿನ್ನು ಕೆಮ್ಮಿತು,
ಥ್ರಾಟಲಿನ ಬಾಯಿಲೆ ಒಂದು ಹಿಡಿ ಬೆಂಕಿ ಉಗುಳಿ
ಶೇಟ್‌ನ ಬಲಗಡೆ ಹುಬ್ಬು ಸುಟ್ಟಿತು.
ಲ್ಯಾಪ್‌ಟಾಪಿನಾಗ ಆರ್‌ಪಿಎಂ:
ಇನ್ನೂರು, ಸೊನ್ನಿ, ಒಂಬತ್ತು ಸಾವಿರ, ಸೊನ್ನಿ.
ಜ್ವರದಾಗ ಲೆಕ್ಕ ಒಪ್ಪಸೋ ಹುಡುಗನಂಗ.

ಮತ್ತ ಮೀಟರು ಹಚ್ಚಿದೆ. ಎಲ್ಲಾ ಬೀಪ್.
ಗಾಲಿಯ ಹಲ್ಲು ಎಣಿಸೋ ಸೆನ್ಸರು ಅದ ನೋಡ್ರಿ,
ಅದರ ಒಳಗ ಬರೇ ಒಂದು ಸುರುಳಿ, ಹೊರಗ ಎರಡು ತಂತಿ.
ಈ ಕಡಿಂದ ಅಳದರೂ ಅಷ್ಟೇ ಓಮು,
ಆ ಕಡಿಂದ ಅಳದರೂ ಅಷ್ಟೇ.
ನಕಾಶೆ ಹೇಳತದ: ಕೆಂಪು ಸಿಗ್ನಲ್ಲು, ಹಸರು ಅರ್ಥು.
ಎಲ್ಲಾ ಒದರೋ ಮೀಟರಿಗೆ
ಇದೊಂದು ಹೇಳಲಿಕ್ಕ ಬರೂದಿಲ್ಲ.

ತನುಜಾ ಕಾಂಬಳೆ, ದಾಪೋಡಿ ಹುಡುಗಿ, ಐಟಿಐ ಎರಡನೇ ವರ್ಷ,
ಗಾಡಿ ಅಡಿಯಿಂದ ಟಾರ್ಚು ಹಿಡಕೊಂಡು ತೆವಳಿ ಬಂದಳು.
ತಂತಿ ನೋಡಿದಳು. ನನ್ನ ನೋಡಿದಳು.
ಶೇಟ್ ಹುಬ್ಬಿಗೆ ಬರ್ನಾಲ್ ಹಚ್ಚಲಿಕ್ಕ ಒಳಗ ಹೋಗೂತನಕ ತಡದಳು.
ಆಮ್ಯಾಲ ಎರಡು ಪಿನ್ನು ಕಿತ್ತಿ
ಅದಲು ಬದಲು ಚುಚ್ಚಿ,
“ನಮ್ಮ ಮಾಮಾನೂ ಹಿಂಗ, ಕಾಕಾ.
ಪ್ಯಾಟ್ಯಾಗಿಂದ ಟೊಮ್ಯಾಟೊ ಬರೇ ಕಾಯೇ ತರತಾನ”
ಅಂದಳು, ಮರಾಠಿಯೊಳಗ, ತಲಿ ಎತ್ತದೇ.

ಇಂಜಿನ್ನು ಒಂದೇ ಹೊರಳಿಗೆ ಎದ್ದಿತು.
ಪತ್ರಾಸು ನಡುಗಿ, ಮ್ಯಾಲಿಂದ
ಎಷ್ಟೋ ವರ್ಷದ ಧೂಳು ನಮ್ಮ ಮೂರೂ ಮಂದಿ ತಲಿ ಮ್ಯಾಲ.

ಸೋಮವಾರ ಹಾರ್ನೆಸ್ಸು ಸುತ್ತಲಿಕ್ಕ ಕುಂತರ
ಬೆರಳಿಗೆ ಏನೋ ತಾಕಿತು.
ಕೆಲವಕ್ಕ ಒಂದು ದಾರದ ಗಂಟು, ಕೆಲವಕ್ಕ ಎರಡು.
ಐವತ್ತಾರಕ್ಕೂ ಗಂಟಿಲ್ಲ, ಬೇಕಾದಲ್ಲೆ ಮಾತ್ರ.
ಯಾರು ಕಟ್ಟಿದ್ದು ಅಂತ ನಾ ಕೇಳಲಿಲ್ಲ,
ಆಕಿನೂ ಹೇಳಲಿಲ್ಲ. ಟೇಪು ಸುತ್ತಿದಿವಿ.

ರಾತ್ರಿ ಟ್ರಾಯಲ್ಲು. ನಾಶಿಕ್ ಫಾಟಾದ ಸಿಗ್ನಲ್ಲು.
ಮ್ಯಾಲಿನ ದೀಪಕ್ಕ ನಿಲ್ಲಬೇಕು, ಕೆಳಗಿನದಕ್ಕ ಹೊಂಡಬೇಕು,
ಇಷ್ಟು ನನಗ ಯಾವಾಗಿಂದೋ ಗೊತ್ತದ.
ಗೊತ್ತಿದ್ದರೂ,
ಬಾಜೂ ಸೀಟಿನಾಗ ಲ್ಯಾಪ್‌ಟಾಪ್ ತೊಡಿಮ್ಯಾಲ ಇಟಕೊಂಡು
ಕಿಟಕಿ ಕಡೆ ಮಾರಿ ಮಾಡಿ ಆಕಿ
“ಹಿರವಾ” ಅಂದಳು.

ನಾ ಕ್ಲಚ್ಚು ಬಿಟ್ಟೆ.