ನಿಂತದ್ದೇ ದೂರು

ವಾರ್ಡೊದಿಂದ ಆಚೆ ನಲವತ್ತು ಕಿಲೋಮೀಟರು
ಹಿಮ ಗೋರುವ ಲಾರಿ ನನ್ನದು.
ಓಡಾಡುವ ದಾರಿಯ ಗುಂಡಿಯಷ್ಟೇ ಗೊತ್ತಾಗುತ್ತದೆ ನಮಗೆ;
ಯಾರೂ ತುಳಿಯದ ಹಳೇ ದಾರಿಯನ್ನು
ಕೇಳಿದವರಿಲ್ಲ.

ಡಾಕ್ಟರ್ ಥೋರ್‌ಬ್ಯೋರ್ಗ್ ಅಂದದ್ದೂ ಅದೇ:
ಜೀವಕೋಶದೊಳಗೂ ಹೀಗೇ, ಐವಿಂದ್.
ಡಿಎನ್‌ಎ ಓದಿ ನಕಲು ಬರೆಯುತ್ತ ಸಾಗುವ ಯಂತ್ರ
ಬಿಸಿಲು ಬೆಸೆದ ಜೋಡಿ ಅಕ್ಷರ ಎದುರಾದರೆ
ಗಕ್ಕನೆ ನಿಲ್ಲುತ್ತದೆ.
ನಿಂತದ್ದೇ ದೂರು.
ರಿಪೇರಿಯವರು ಬರುತ್ತಾರೆ,
ಯಂತ್ರ ಒಂದಿಷ್ಟು ಹಿಂದೆ ಸರಿದು ಜಾಗ ಬಿಡುತ್ತದೆ,
ಕತ್ತರಿಸಿ, ತುಂಬಿ, ಹೊಲಿದು ಹೋಗುತ್ತಾರೆ.

ನನ್ನ ಮಗಳೊಳಗೆ
ಕರೆಯಬೇಕಾದವನು ಹುಟ್ಟೇ ಇಲ್ಲ.
ಯಂತ್ರ ನಿಂತೇ ಇದೆ
ಹೆಡ್‌ಲೈಟು ಉರಿಸಿಕೊಂಡು, ದಾರಿಗೆ ಅಡ್ಡ.

ಹೆಸರಿಟ್ಟವನು ನಾನೇ: ಸುನ್ನೀವ.
ಸೂರ್ಯನ ವರ ಅಂತ ಅರ್ಥ.
ಅಂಗೈಯಗಲ ಬಿಸಿಲಿಗೆ ಕೆನ್ನೆ ಸುಡುತ್ತದೆ.
ಏಳು ವರ್ಷ; ಮೂರರ ಅಂಗಿ ಈಗಲೂ ದೊಗಳೆ.

ನವೆಂಬರಿನಲ್ಲಿ ಮುಳುಗಿದ ಸೂರ್ಯ
ಎರಡು ತಿಂಗಳು ಏಳುವುದಿಲ್ಲ ಇಲ್ಲಿ.
ಊರು ಮುಖ ಗಂಟಿಕ್ಕಿದರೆ
ನಾವಿಬ್ಬರೂ ನಡು ಮಧ್ಯಾಹ್ನ
ಮುಖ ಮುಚ್ಚದೆ ಲಾರಿ ಹತ್ತುತ್ತೇವೆ.

ನಿನ್ನೆ ಹಳೇ ದಾರಿಗೇ ತಿರುಗಿಸಿದೆ.
ಧಡ್!
'ಗುಂಡಿ, ಗುಂಡಿ' ಎಂದು ಚಪ್ಪಾಳೆ ತಟ್ಟಿದಳು.

ರೇಡಿಯೋ ಎತ್ತಿ
ಅವಳ ಬಾಯಿಗೆ ಹಿಡಿದೆ.