ನವಿಲು ಹೆದರಿಸುವ ಸಿ.ಡಿ.

ಜಯಕರಣ್ಣ, ಇದರ ಒರಿಜಿನಲ್ ಸಿ.ಡಿ. ಉಂಟಾ?
ಕೇಳಿದಳು ಮುಬೀನ, ಉಡುಪಿಯ ಸರ್ವಿಸ್ ಬಸ್‌ಸ್ಟ್ಯಾಂಡಿನ ಹಿಂದೆ
ಮೆಟ್ಟಿಲಿಳಿದು ಹೋಗುವ ಅಂಗಡಿಯಲ್ಲಿ,
ಹಲ್ಲಲ್ಲಿ ಕಚ್ಚಿಕೊಂಡ ಸ್ಕ್ರೂ ತೆಗೆಯದೆ.

ಉಂಟು, ಎಂದೆ.
ಮಟ್ಟುವಿನ ಗದ್ದೆಯಲ್ಲಿ ಉಂಟು,
ಗುಳ್ಳದ ಸಾಲಿನ ನಡುವೆ ಬಿದಿರುಕೋಲಿನ ತುದಿಯಲ್ಲಿ
ಹಳೇ ಬಲೆಯ ನೂಲಿಗೆ ನೇತುಬಿದ್ದು
ಮೂರು ವರ್ಷದಿಂದ ನವಿಲು ಹೆದರಿಸುತ್ತಾ ಉಂಟು.

ಅವಳು ನಕ್ಕಳು. ಸ್ಕ್ರೂ ನೆಲಕ್ಕೆ ಬಿತ್ತು.
ಅದನ್ನು ಹುಡುಕುವುದರಲ್ಲೇ ಕಾಲು ಗಂಟೆ ಹೋಯಿತು.

ಅತ್ತಿಗೆಯ ತಪ್ಪಲ್ಲ. ಕಪಾಟು ಗುಡಿಸುವಾಗ ಸಿಕ್ಕಿದ್ದು ಹದಿನಾಲ್ಕು:
ಮದುವೆಯದ್ದು ಎರಡು, ಯಾರದೋ ಬೆನ್ನಿನ ಸ್ಕ್ಯಾನಿಂಗು,
ಉಳಿದದ್ದೆಲ್ಲ ಹೆಸರಿಲ್ಲದ್ದು.
ಯಾವುದರೊಳಗೆ ಎಂತ ಉಂಟೆಂದು ನವಿಲು ಕೇಳುತ್ತದಾ?
ಹೊಳೆದರೆ ಸಾಕು.
ಮೊದಲ ವಾರ ಹೆದರಿತು.
ಎರಡನೇ ವಾರ ಅದರಲ್ಲಿ ಮುಖ ನೋಡಿಕೊಂಡಿತು.

ಆದರೂ ಬಿಚ್ಚಿ ತಂದೆ, ಮರುದಿನದ ಬಸ್ಸಿಗೆ.
ಬಣ್ಣವನ್ನೆಲ್ಲ ಉಪ್ಪುಗಾಳಿ ತಿಂದು
ಈಚೆಯಿಂದ ನೋಡಿದರೆ ಆಚೆ ಸೀಟಿನವರು ಕಾಣುತ್ತಿದ್ದರು.
ಮುಬೀನ ಅದನ್ನು ಶಾಲಿನ ತುದಿಯಲ್ಲಿ ಒರೆಸಿ ಒಳಗಿಟ್ಟಳು.
ಯಂತ್ರ ನುಂಗಿತು, ಕೆಮ್ಮಿತು, ಯೋಚಿಸಿತು,
ಗಂಜಿ ಸೇರದ ಮಗುವಿನ ಹಾಗೆ
ನಾಲಗೆ ಹೊರಗೆ ಚಾಚಿತು.

ಹಾಗಾದರೆ ನಂಬ್ರವಾದರೂ ಓದುವ, ಎಂದು
ಲ್ಯಾಪ್‌ಟಾಪನ್ನು ಕವುಚಿ ಹಾಕಿದಳು.
ಅಡಿಯ ಸ್ಟಿಕ್ಕರಿನಲ್ಲಿ ಇಪ್ಪತ್ತೈದು ಅಕ್ಷರ;
ನನ್ನ ತೊಡೆಯ ಬೆವರು ಬಿಟ್ಟದ್ದು ಹದಿನಾರು.
ಇದು ಬಿ-ಯಾ, ಎಂಟಾ?
ಟಾರ್ಚನ್ನು ಓರೆ ಹಿಡಿದು, ಪೆನ್ಸಿಲ್ ಉಜ್ಜಿ,
ಫೋನಿನಲ್ಲಿ ಫೋಟೋ ಹಿಗ್ಗಿಸಿ ನೋಡಿದೆವು.
ಎಂಟೂ ಅಲ್ಲ, ಬಿ-ಯೂ ಅಲ್ಲ, ಬರೀ ಸವೆತ.

ನನಗೆ ನಾಚಿಕೆ.
ದಿನಾ ಬೆಳಿಗ್ಗೆ ಗುಳ್ಳಕ್ಕೆ ಚೀಟಿ ಅಂಟಿಸುವವನು ನಾನು,
ಇದು ಮಟ್ಟುವಿನದ್ದೇ, ಬೇರೆಯದ್ದಲ್ಲ ಎಂದು
ಒಂದೊಂದು ಕಾಯಿಗೂ ಬೆಳೆದವರ ನಂಬ್ರ ಕೊಟ್ಟು
ಇದೇ ಲ್ಯಾಪ್‌ಟಾಪಿನಲ್ಲಿ ಬರೆದಿಡುವವನು.

ಚಹಾ ಬಂತು. ಅರ್ಧ ಕುಡಿದವಳು ಏನೋ ನೆನಪಾಗಿ
ಪವರ್ ಒತ್ತಿ, ಮೇಲಿನ ಸಾಲಿನ ಒಂದು ಕೀಯನ್ನು
ನಡುರಾತ್ರಿ ಬಾಗಿಲು ಬಡಿಯುವವರ ಹಾಗೆ
ಬಡಿದಳು, ಬಡಿದಳು.
ಕಪ್ಪು ಪರದೆಯಲ್ಲಿ ಒಂದು ಬಿಳಿ ಗೆರೆ.
ಉಂಟು ಜಯಕರಣ್ಣ, ಒಳಗೇ ಉಂಟು!
ಡಿಸ್ಕಿನ ಮೂಲೆಗೆ ಅಡ್ಡಗೋಡೆ ಹಾಕಿ
ಕಂಪೆನಿಯವರು ಮೊದಲ ದಿನದ್ದನ್ನು ಅಡಗಿಸಿಟ್ಟಿದ್ದಾರೆ,
ನಿಮಗೂ ಕಾಣದ ಹಾಗೆ.

ನನಗೆ ಕಂಡದ್ದು ನಮ್ಮ ಒಲೆಯ ಮೇಲಿನ ಅಟ್ಟ.
ಬೀಜಕ್ಕೆಂದು ಬಿಟ್ಟ ಗುಳ್ಳ, ಮಾರುವುದಿಲ್ಲ, ಹುಳಿಗೆ ಹಾಕುವುದಿಲ್ಲ,
ಹಳದಿಯಾಗಿ, ಸುಕ್ಕಾಗಿ, ಹೊಗೆ ಕುಡಿದುಕೊಂಡು
ಮಳೆ ಕಳೆಯುವುದನ್ನು ಕಾಯುತ್ತದೆ.
ಅದರ ಮೇಲೆ ಯಾರೂ ಚೀಟಿ ಅಂಟಿಸುವುದಿಲ್ಲ.

ಆದರೆ ಈಗಿನದ್ದೆಲ್ಲ ಅಳಿಯುತ್ತದೆ, ಎಂದಳು.
ಲೆಕ್ಕ ಬೇರೆ ಕಡೆ ಉಂಟು, ಪುಸ್ತಕದಲ್ಲಿ, ನಂಬ್ರ ಸಹಿತ.
ಪುಸ್ತಕದಲ್ಲಿ ಇಲ್ಲದ್ದು ನಲ್ವತ್ತೊಂದನೇ ಸಾಲು:
ಐತಪ್ಪ ಪೂಜಾರಿ ತೀರಿದ ಮೇಲೂ
ಆ ಹೆಸರಿನ ಎದುರು ದಿನಾ ಒಂದು ಸೊನ್ನೆ ಒತ್ತುತ್ತಿದ್ದೆ.
ಯಾರಿಗೂ ಹೇಳಿರಲಿಲ್ಲ. ಅವಳಿಗೂ ಹೇಳಲಿಲ್ಲ.
ಆಗಲಿ, ಒತ್ತು, ಎಂದೆ.

ಎರಡು ಗಂಟೆ ಕಳೆದು ಅದು ಎದ್ದಿತು,
ಹನ್ನೊಂದು ವರ್ಷ ಹಿಂದಿನ ತಾರೀಕು ತೋರಿಸಿ
ನೀವು ಯಾರು ಎಂದು ಕೇಳಿತು.
ಕನ್ನಡ ಅಕ್ಷರ ಇನ್ನೂ ಬಂದಿರಲಿಲ್ಲ.
ಜೆ ಒತ್ತಿ, ಸ್ವಲ್ಪ ಹೊತ್ತು ಕೂತೆ.

ಸಿ.ಡಿ.ಯನ್ನು ಬೆಳಿಗ್ಗೆ ಕೋಲಿಗೇ ವಾಪಸು ಕಟ್ಟಿದೆ.
ನವಿಲು ಬದುವಿನಲ್ಲಿ ಕಾದು ನಿಂತಿತ್ತು,
ಕನ್ನಡಿ ಎಲ್ಲಿ ಹೋಯಿತೆಂದು.